ಬಾವು ಒಂದು, ಕಾರಣ ಹಲವು

ಬಹಳ ವರ್ಷಗಳ ಹಿಂದಿನ ಮಾತು. ನಾನಾಗ ತುಮಕೂರು ಜಿಲ್ಲೆಯ ವಳ್ಳೂರಿನಲ್ಲಿ ಉಪಾಧ್ಯಾಯನಾಗಿದ್ದೆ. ಒಂದು ಬೇಸಗೆಯ ಆರಂಭದಲ್ಲಿ ನನ್ನ ತರಗತಿಯ ನಾಲ್ಕಾರು ಮಕ್ಕಳಿಗೆ ಮಂಗನಬಾವು ಬಂದಿತು. ಮೂರನೆಯ ವಾರ ನನಗೂ ಜ್ವರ ಬಂದು ಕಿವಿಯ ಕೆಳಗೆ ಊದಿಕೊಂಡಿತು. ‘ಮೇಷ್ಟ್ರಿಗೂ ಮಕ್ಕಳ ಕಾಯಿಲೆಯೇ!’ ಎಂದು ಊರವರು ನಕ್ಕರು.

ಅದೇ ದಿನಗಳಲ್ಲಿ ನೆರೆಮನೆಯ ರೈತರೊಬ್ಬರ ದವಡೆಯ ಕೆಳಗೂ ಬಾವು ಕಾಣಿಸಿತು. ಇದೂ ಅದೇ ರೋಗವೆಂದು ಬಗೆದ ಮನೆಯವರು ಕೆಮ್ಮಣ್ಣು ಹಚ್ಚಿ, ಕೊರಳಿಗೆ ಚಿನ್ನದ ಸರ ಹಾಕಿದರು. ನನ್ನ ಬಾವು ವಾರದೊಳಗೆ ಇಳಿಯಿತು, ಅವರದು ಇಳಿಯಲಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ಉಬ್ಬಿ ನೋಯುತ್ತಿತ್ತು. ಬರಬರುತ್ತ ಅವರು ಮುದ್ದೆಯ ತಟ್ಟೆಯನ್ನು ಕಂಡರೇ ಹೆದರತೊಡಗಿದರು.

ಹೀಗೇಕಾಯಿತು? ಬಾಯಿಗೆ ಜೊಲ್ಲನ್ನು ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಒಂದು ಜೊತೆ ಕಿವಿಗಳ ಮುಂಭಾಗದಲ್ಲಿ, ಇನ್ನೊಂದು ಕೆಳದವಡೆಯ ಅಡಿಯಲ್ಲಿ, ಮತ್ತೊಂದು ನಾಲಗೆಯ ಕೆಳಗೆ ಇವೆ. ಇವುಗಳ ರಸವು ಸಣ್ಣ ನಾಳಗಳ ಮೂಲಕ ಬಾಯಿಗೆ ಹರಿಯುತ್ತದೆ.

ಮಂಗನಬಾವಿಗೆ ಕಾರಣ ಒಂದು ವೈರಸ್. ಅಮೆರಿಕದ ಜಾನ್ಸನ್ ಮತ್ತು ಗುಡ್‌ಪಾಶ್ಚರ್ ಎಂಬ ವಿಜ್ಞಾನಿಗಳು 1934ರಲ್ಲಿ ಇದನ್ನು ತೋರಿಸಿಕೊಟ್ಟರು. ಕೆಮ್ಮು, ಸೀನು, ಎಂಜಲುಗಳಿಂದ ಹರಡುವ ಈ ವೈರಸ್ ದೇಹವನ್ನು ಹೊಕ್ಕ ಎರಡು ಮೂರು ವಾರಗಳ ಮೇಲೆ ಬಾವು ಕಾಣಿಸುತ್ತದೆ. ಬಾಲ್ಯದಲ್ಲಿ ಈ ರೋಗ ಬಾರದಿದ್ದವರಿಗೆ, ಲಸಿಕೆಯನ್ನೂ ಪಡೆಯದವರಿಗೆ, ದೊಡ್ಡವರಾದ ಮೇಲೂ ಇದು ಬರಬಹುದು. ಆಗ ಅದು ನಗುವ ಮಾತಲ್ಲ. ಪ್ರಾಯದ ಗಂಡಸರಲ್ಲಿ ಕೆಲವರಿಗೆ ವೃಷಣಗಳು ಊದಿಕೊಳ್ಳುತ್ತವೆ. ಅಪರೂಪವಾಗಿ ಕಿವುಡೂ ಉಂಟಾಗುತ್ತದೆ.

ರೈತರ ಬಾವಿಗೆ ಕಾರಣ ಬೇರೆಯಾಗಿತ್ತು. ಕೊನೆಗೆ ಅವರನ್ನು ಪರೀಕ್ಷಿಸಿದ ವೈದ್ಯರು ನಾಲಗೆಯ ಕೆಳಗೆ ಬೆರಳಾಡಿಸಿ, ನಾಳದಲ್ಲಿ ಸಿಕ್ಕಿಕೊಂಡಿದ್ದ ಪುಟ್ಟ ಕಲ್ಲನ್ನು ಪತ್ತೆಹಚ್ಚಿದರು. ಜೊಲ್ಲಿನಲ್ಲಿರುವ ಸುಣ್ಣದ ಅಂಶ ಗಟ್ಟಿಗೊಂಡು ಇಂಥ ಕಲ್ಲಾಗುತ್ತದೆ. ಉಣ್ಣುವಾಗ ಜೊಲ್ಲು ಹೆಚ್ಚಾಗಿ ಊರುತ್ತದೆ. ದಾರಿ ಮುಚ್ಚಿದ್ದರೆ ಗ್ರಂಥಿ ಉಬ್ಬದೆ ಇನ್ನೇನಾದೀತು? ಬಿಸಿಲಿನಲ್ಲಿ ದುಡಿಯುವವರು ಸಾಕಷ್ಟು ನೀರು ಕುಡಿಯದಿದ್ದರೆ ಜೊಲ್ಲು ಕಡಿಮೆಯಾಗುತ್ತದೆ. ಒಣಗಿದ ಬಾಯಿಯಿಂದ ಬ್ಯಾಕ್ಟೀರಿಯಾಗಳು ನಾಳದೊಳಕ್ಕೆ ಏರಿ ಕೀವುಂಟುಮಾಡುವುದೂ ಉಂಟು. ವೃದ್ಧರಲ್ಲಿ ಇದು ಹೆಚ್ಚು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಿ ವೈರಸ್ಸಿನ ಮೇಲೆ ನಾಟದು, ಕಲ್ಲನ್ನಂತೂ ಕರಗಿಸದು. ಆದುದರಿಂದ ಕಾರಣವನ್ನು ತಿಳಿಯದೆ ಮದ್ದು ಮಾಡುವುದು ವ್ಯರ್ಥ.

ವೈದ್ಯರು ಕಲ್ಲನ್ನು ತೆಗೆದರು. ಕೆಲವು ದಿನಗಳಲ್ಲಿ ರೈತರು ನೆಮ್ಮದಿಯಿಂದ ಮುದ್ದೆ ಉಂಡರು. ಚಿನ್ನದ ಸರ ಮರಳಿ ಪೆಟ್ಟಿಗೆ ಸೇರಿತು.

ಅಭ್ಯಾಸ
1. ರೈತರು ಊಟದ ತಟ್ಟೆಯನ್ನು ಕಂಡು ಹೆದರಲು ಕಾರಣವೇನು?
2. ಮಂಗನಬಾವನ್ನು ಮಕ್ಕಳ ಕಾಯಿಲೆಯೆಂದು ನಗುವುದು ಸರಿಯಲ್ಲ. ಏಕೆ?