ಹಾಲು-ಮೊಸರು ಬಿಟ್ಟವರ ತಾಟಿನಲ್ಲಿ ಏನಿರಬೇಕು?

ಆರೋಗ್ಯ ಪ್ರಶ್ನೋತ್ತರ

ರೋಣ, ನರಗುಂದ, ಗಜೇಂದ್ರಗಡ ಕಡೆಯಿಂದ ಬರುವ ಪತ್ರಗಳಲ್ಲಿ ಈಚೆಗೆ ಒಂದು ವಿಷಯ ಮೇಲಿಂದ ಮೇಲೆ ಕಾಣುತ್ತಿದೆ. ಮಾಂಸ, ಮೊಟ್ಟೆ ಮೊದಲೇ ಮುಟ್ಟದ ಮನೆಗಳ ಹುಡುಗ-ಹುಡುಗಿಯರು ಹಾಲು, ಮೊಸರು, ತುಪ್ಪವನ್ನೂ ಬಿಡುತ್ತಿದ್ದಾರೆ. ಪ್ರಾಣಿಯಿಂದ ಬಂದದ್ದನ್ನೆಲ್ಲ ಬಿಟ್ಟ ಇವರನ್ನು ವೀಗನ್ ಎನ್ನುತ್ತಾರೆ. ಹಿರಿಯರಿಗೆ ದಿಗಿಲು, ಮಕ್ಕಳಿಗೆ ಹಠ. ಇಬ್ಬರಿಗೂ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಎರಿಹೊಲ ಬೆಳೆಯುವ ಕಾಳು-ಕಡಿ ಉಂಡು ಹಾಲಿಲ್ಲದೆಯೂ ಗಟ್ಟಿಮುಟ್ಟಾಗಿ ಬದುಕಬಹುದು. ಆದರೆ ಆ ಹೊಲ ಕೊಡದ ಒಂದು ವಸ್ತುವಿದೆ. ಅದನ್ನು ಔಷಧಿ ಅಂಗಡಿಯಿಂದಲೇ ತರಬೇಕು. ಮೊದಲ ಪತ್ರ ಅದರ ಬಗ್ಗೆಯೇ ಇದೆ.

ಪ್ರಶ್ನೆ: ನನಗೆ 24 ವರ್ಷ, ಊರು ಗಜೇಂದ್ರಗಡ. ಹೋದ ಯುಗಾದಿಯಿಂದ ಹಾಲು, ಮೊಸರು, ತುಪ್ಪ ಬಿಟ್ಟಿದ್ದೇನೆ. ಈಗ ಎರಡು ತಿಂಗಳಿಂದ ಅಂಗಾಲು ಜುಮ್ ಅನ್ನುತ್ತದೆ, ಕೈಬೆರಳ ಗೆಣ್ಣುಗಳು ಕಪ್ಪಾಗಿವೆ, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆ ಎಂದು ಕಬ್ಬಿಣ-ಫೋಲಿಕ್ ಗುಳಿಗೆ ನುಂಗುತ್ತಿದ್ದೇನೆ. ಅವ್ವ "ಎರಡ ದಿನ ಮಸರು ಉಣ್ಣು, ಎಲ್ಲಾ ಸರಿ ಹೋಗ್ತದ" ಅನ್ನುತ್ತಾಳೆ. ಹೌದೇ?

ಉತ್ತರ: ತಂಗಿ, ಈ ವಾರವೇ ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಅಂಗಾಲಿನ ಜೋಮು, ಬೆರಳ ಗೆಣ್ಣಿನ ಮೇಲಿನ ಕಪ್ಪು, ರಕ್ತಹೀನತೆ ಈ ಮೂರೂ ಒಟ್ಟಿಗೆ ಕಂಡರೆ ನಾವು ಮೊದಲು ಸಂಶಯಪಡುವುದು ಬಿ12 ಕೊರತೆಯನ್ನೇ. ನಾಲಿಗೆ ನುಣುಪಾಗಿ ಉರಿಯುವುದು, ಮರೆವು, ಕತ್ತಲಲ್ಲಿ ನಡೆಯುವಾಗ ತೂಕ ತಪ್ಪುವುದು ಇದರ ಇತರ ಲಕ್ಷಣಗಳು. ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ನಿಮ್ಮ ಹಿಮ್ಮಡಿಯ ಗಂಟಿಗೆ ಹಿಡಿದಾಗ ಅದರ ನಡುಕ ತಿಳಿಯುತ್ತದೆಯೇ ಎಂದು ವೈದ್ಯರು ನೋಡುತ್ತಾರೆ. ಅದು ತಿಳಿಯದಿದ್ದರೆ ನರಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಆಗ ತಡಮಾಡುವಂತಿಲ್ಲ.

ಬರೀ ಫೋಲಿಕ್ ಗುಳಿಗೆ ನುಂಗುವುದರಲ್ಲಿ ಒಂದು ಅಪಾಯವಿದೆ. ಅದು ರಕ್ತವನ್ನು ಸುಧಾರಿಸಿದಂತೆ ತೋರಿಸಬಹುದು, ಒಳಗೆ ನರಗಳು ಮಾತ್ರ ಹಾಳಾಗುತ್ತಲೇ ಇರುತ್ತವೆ. ನರದ ಹಾನಿಯನ್ನು ತಿಂಗಳುಗಟ್ಟಲೆ ಬಿಟ್ಟರೆ ಅದು ಪೂರ್ತಿ ಗುಣವಾಗದೇ ಉಳಿಯಬಹುದು.

ಬಿ12 ಅನ್ನು ಗಿಡವೂ ಮಾಡುವುದಿಲ್ಲ, ಆಕಳೂ ಮಾಡುವುದಿಲ್ಲ. ಮಾಡುವುದು ಸೂಕ್ಷ್ಮಜೀವಿಗಳು. ಆಕಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಮಾಡಿದ್ದು ಹಾಲಿಗೆ ಬರುತ್ತದೆ. ಮೊಳಕೆ ಕಾಳು, ಇಡ್ಲಿ ಹಿಟ್ಟು, ಸ್ಪಿರುಲಿನಾ ಪುಡಿ ಇವುಗಳಲ್ಲಿ ಬಿ12 ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ನಕಲಿ ರೂಪ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸಂಘ ಕಟ್ಟಿದ್ದು 1944ರಲ್ಲಿ, ವಿಜ್ಞಾನಿಗಳು ಬಿ12 ಅನ್ನು ಬೇರ್ಪಡಿಸಿದ್ದು 1948ರಲ್ಲಿ. ಆ ಮೊದಲ ತಲೆಮಾರಿಗೆ ಈ ಕೊರತೆಯ ಮೂಲ ತಿಳಿಯಲು ದಾರಿಯೇ ಇರಲಿಲ್ಲ. ನಮಗೆ ಗೊತ್ತಿದೆ, ಆದ್ದರಿಂದ ನಮಗೆ ನೆಪವಿಲ್ಲ.

ಇನ್ನು ಅವ್ವನ ಮಾತು. ಮೊಸರಿನಲ್ಲಿ ಬಿ12 ಇದೆ, ಆದರೆ ಸ್ವಲ್ಪ. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ಈ ಕೊರತೆ ನಮ್ಮಲ್ಲಿ ವ್ಯಾಪಕವಾಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಗರ್ಭಿಣಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 43 ಮಂದಿಗೆ ಬಿ12 ಕಡಿಮೆ ಇತ್ತು. ಅಂದರೆ ನಮ್ಮಲ್ಲಿ ಅನೇಕರು ಹಾಲು ಬಿಡುವ ದಿನವೇ ಖಾಲಿ ಕಣಜದಿಂದ ಶುರು ಮಾಡುತ್ತಾರೆ. ನಿಮ್ಮ ಕೊರತೆ ಎರಡು ದಿನದ ಮೊಸರಿಗೆ ತುಂಬುವಂಥದ್ದಲ್ಲ. ಈಗ ಬೇಕಾದದ್ದು ಚುಚ್ಚುಮದ್ದು ಅಥವಾ ದಿನಕ್ಕೆ 1000 ಮೈಕ್ರೊಗ್ರಾಂನಷ್ಟು ದೊಡ್ಡ ಪ್ರಮಾಣದ ಗುಳಿಗೆ. ಯಾವುದು, ಎಷ್ಟು ದಿನ ಎಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ. ಕೊರತೆಯಿಲ್ಲದ ವೀಗನ್ನರಿಗೆ ದಿನಕ್ಕೆ 50ರಿಂದ 100 ಮೈಕ್ರೊಗ್ರಾಂ, ಇಲ್ಲವೇ ವಾರಕ್ಕೆ ಎರಡು ಸಲ 1000 ಮೈಕ್ರೊಗ್ರಾಂ ಸಾಕು. ಹಾಲು ಬಿಟ್ಟಷ್ಟೂ ಕಾಲ ಇದನ್ನು ಬಿಡುವಂತಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇನ್ನೂ ಬೇಗ ಇಳಿಯುತ್ತದೆ. ಅವರು ವರ್ಷಕ್ಕೊಮ್ಮೆ ತಪ್ಪದೇ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ನಾನು ನರಗುಂದದವನು, 21 ವರ್ಷ, ತೂಕ 65 ಕಿಲೊ. ದಿನಾ ಗರಡಿಗೆ ಹೋಗುತ್ತೇನೆ. ಹಾಲು, ತುಪ್ಪ ಬಿಟ್ಟರೆ ತಾಕತ್ತು ಬರೋದಿಲ್ಲ ಅಂತ ಉಸ್ತಾದರು ಹೇಳುತ್ತಾರೆ. ಪ್ರೋಟೀನಿಗೆ ಡಬ್ಬಿ ಪುಡಿ ತರಬೇಕೇ?

ಉತ್ತರ: ಡಬ್ಬಿಗೆ ದುಡ್ಡು ಸುರಿಯುವ ಮುಂಚೆ ನಿಮ್ಮ ಊರಿನ ಸಂತೆ ನೋಡಿ. ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ತೂಕದ ಕಿಲೊಗೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನಿಮ್ಮಂತೆ ಸಾಮು ಮಾಡುವವರು ಕಿಲೊಗೆ 1.2ರಿಂದ 1.6 ಗ್ರಾಂ ಹಿಡಿಯಬೇಕು, ಅಂದರೆ 80ರಿಂದ 100 ಗ್ರಾಂ.

ಲೆಕ್ಕ ಹಾಕೋಣ. 250 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಹತ್ತಿರ ಹತ್ತಿರ 25 ಗ್ರಾಂ. 100 ಗ್ರಾಂ ಒಣ ಹೆಸರುಕಾಳು ಅಥವಾ ಮಡಕಿ ಕಾಳಿನಲ್ಲಿ 22 ಗ್ರಾಂ. 50 ಗ್ರಾಂ ತೊಗರಿ ಬೇಳೆಯಲ್ಲಿ 11 ಗ್ರಾಂ. ಎರಡು ಹಿಡಿ ಶೇಂಗಾದಲ್ಲಿ 14 ಗ್ರಾಂ. 40 ಗ್ರಾಂ ಸೋಯಾ ಉಂಡೆಯಲ್ಲಿ 20 ಗ್ರಾಂ. ಒಟ್ಟು 90 ದಾಟಿತು. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ಕಾಳುಪಲ್ಯ ಹಾಕಿಕೊಳ್ಳುವ ನಮ್ಮ ರೂಢಿ ಆ ಕೊರತೆಯನ್ನು ತುಂಬುತ್ತದೆ. ಕಾಳನ್ನು ರಾತ್ರಿ ನೆನೆಸಿ, ಮೊಳಕೆ ಬರಿಸಿ ಬೇಯಿಸಿದರೆ ಹೊಟ್ಟೆ ಉಬ್ಬರ ಕಡಿಮೆ, ಕಬ್ಬಿಣದ ಅಂಶ ಮೈಗೆ ಹತ್ತುವುದೂ ಹೆಚ್ಚು. ಮೇಲೆ ಲಿಂಬೆ ಹಿಂಡಿ. ಉಂಡ ಕೂಡಲೇ ಚಹಾ ಬೇಡ, ಒಂದು ತಾಸು ಬಿಟ್ಟು ಕುಡಿಯಿರಿ, ಇಲ್ಲವಾದರೆ ಚಹಾ ಆ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ದಿನಕ್ಕೆ ಒಂದು ಚಮಚ ಅಗಸಿ ಹಿಂಡಿ ಇರಲಿ, ಮೀನು ತಿನ್ನದವರಿಗೆ ಒಮೆಗಾ-3 ಸಿಗುವ ಒಳ್ಳೆಯ ದಾರಿ ಅದು.

ತುಪ್ಪದ ಬದಲು ಡಾಲ್ಡಾ ಮಾತ್ರ ಬೇಡ. ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಸಾಕು. ಸಿಹಿ ಉಣ್ಣಬೇಕೆನಿಸಿದರೆ ನಿಮ್ಮ ಅಜ್ಜಿಯನ್ನು ಕೇಳಿ: ಕುಸುಬಿ ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿನಲ್ಲಿ ಬೆಲ್ಲ ಹಾಕಿ ಹುಗ್ಗಿ ಮಾಡುವುದು ನಮ್ಮ ಕಡೆಯ ಹಳೆಯ ಅಡುಗೆ. ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿಯಲ್ಲೂ ಹಾಲಿನ ಹನಿ ಇಲ್ಲ.

ಪ್ರಶ್ನೆ: ರೋಣ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 52. ಮಗಳ ಜೊತೆ ನಾನೂ ಹಾಲು ಬಿಟ್ಟೆ. ಈಗ ಸೊಂಟ, ಮೊಣಕಾಲು ನೋವು. ಎಲುಬಿಗೆ ಹಾಲೇ ಬೇಕಲ್ಲವೇ?

ಉತ್ತರ: ಅಕ್ಕಾವರೇ, ಎಲುಬಿಗೆ ಬೇಕಾದದ್ದು ಕ್ಯಾಲ್ಸಿಯಂ, ದಿನಕ್ಕೆ ಸುಮಾರು 1000 ಮಿಲಿಗ್ರಾಂ. ಒಂದು ಲೋಟ ಹಾಲಿನಲ್ಲಿ 250ರಿಂದ 300 ಮಿಲಿಗ್ರಾಂ ಇರುತ್ತದೆ. ಸಿಪ್ಪೆ ತೆಗೆಯದ ಎಳ್ಳು 30 ಗ್ರಾಂ ತಿಂದರೆ, 100 ಗ್ರಾಂ ರಾಗಿ ಹಿಟ್ಟು ಬಳಸಿದರೆ, ನುಗ್ಗೆ ಸೊಪ್ಪು, ಮೆಂತೆ ಪಲ್ಯ ಮಾಡಿದರೆ ಪ್ರತಿಯೊಂದರಿಂದಲೂ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಎಳ್ಳಿನ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಹುರಿದು ಪುಡಿ ಮಾಡಿದರೆ ವಾಸಿ. ಪಾಲಕ್, ರಾಜಗಿರಿ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಆಕ್ಸಲೇಟ್ ಹೆಚ್ಚಿರುವುದರಿಂದ ಅವನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಮುಟ್ಟು ನಿಂತ ವಯಸ್ಸಿನಲ್ಲಿ ಎಲುಬು ಬೇಗ ಸವೆಯುತ್ತದೆ. ತಾಟಿನಲ್ಲಿ ಲೆಕ್ಕ ತುಂಬದಿದ್ದರೆ ಕ್ಯಾಲ್ಸಿಯಂ ಗುಳಿಗೆಗೆ ಹಿಂಜರಿಯಬೇಡಿ. ವಿಟಮಿನ್ ಡಿ ಕೂಡ ಪರೀಕ್ಷಿಸಿಕೊಳ್ಳಿ.

ಇನ್ನೊಂದು ಮಾತು ನಮ್ಮ ಜಿಲ್ಲೆಯವರಿಗೆ ಮುಖ್ಯ. ಗದಗ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಮುಂಡರಗಿ ಭಾಗದಲ್ಲಿ ಈ ತೊಂದರೆ ಬಹಳ ಹಿಂದಿನದು. ಫ್ಲೋರೈಡ್ ಸೊಂಟ, ಕೀಲುಗಳನ್ನು ಬಿಗಿಯಾಗಿಸುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಅದರ ಹಾವಳಿ ಹೆಚ್ಚು. ನಿಮ್ಮ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂದು ಪಂಚಾಯ್ತಿಯ ಮೂಲಕ ಪರೀಕ್ಷೆ ಮಾಡಿಸಿ. ಹಾಗಿದ್ದರೆ ಆ ನೀರು ಕುಡಿಯುವುದನ್ನು ನಿಲ್ಲಿಸಿ. ಹಾಲು ಬಿಟ್ಟವರು ಇಂಥ ಊರಲ್ಲಿದ್ದರೆ ಇಮ್ಮಡಿ ಎಚ್ಚರ ಬೇಕು.

ಪ್ರಶ್ನೆ: ಸೊಸೆಗೆ ಈಗ ಐದು ತಿಂಗಳು. ಆಕೆ ವೀಗನ್. ಹುಟ್ಟುವ ಕೂಸಿಗೂ ಆಕಳ ಹಾಲು ಕೊಡುವುದಿಲ್ಲ ಅನ್ನುತ್ತಾಳೆ. ನನಗೆ ನಿದ್ದೆ ಇಲ್ಲ.

ಉತ್ತರ: ತಾಯಿ, ನಿಮ್ಮ ಕಾಳಜಿ ಸರಿಯಾಗಿದೆ. ಆದರೆ ಸೊಸೆಯ ಜೊತೆ ಜಗಳ ಬೇಡ, ಆಕೆಯನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋಗಿ. ಗರ್ಭಿಣಿಗೆ ಬಿ12, ಕಬ್ಬಿಣ, ಫೋಲಿಕ್, ಕ್ಯಾಲ್ಸಿಯಂ, ವಿಟಮಿನ್ ಡಿ, ಅಯೋಡಿನ್ ಇರುವ ಉಪ್ಪು, ಇವುಗಳಲ್ಲಿ ಒಂದೂ ತಪ್ಪಬಾರದು. ಹುಟ್ಟಿದ ಮೇಲೆ ಆರು ತಿಂಗಳು ತಾಯಿಯ ಎದೆಹಾಲು ಮಾತ್ರ. ಅದು ತಾಯಿ ತಾನಾಗಿ ತನ್ನ ಕೂಸಿಗೆ ಕೊಡುವುದು, ವೀಗನ್ ನೀತಿಗೆ ಅದರಲ್ಲಿ ಯಾವ ಅಡ್ಡಿಯೂ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಆಕಳ ಹಾಲನ್ನು ಮುಖ್ಯ ಆಹಾರವಾಗಿ ಕೊಡಬೇಡಿ ಎಂದೇ ನಾವೂ ಹೇಳುತ್ತೇವೆ.

ಭಯಪಡಬೇಕಾದದ್ದು ಬೇರೆಯದಕ್ಕೆ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ಅಂಥ ಕೂಸು ಮೊದಲು ನಕ್ಕು, ಕತ್ತು ನಿಲ್ಲಿಸಿ, ಚೆನ್ನಾಗಿಯೇ ಇರುತ್ತದೆ. ಆರೇಳು ತಿಂಗಳ ಹೊತ್ತಿಗೆ ಮಂಕಾಗುತ್ತದೆ, ಬಿಳಿಚುತ್ತದೆ, ಕಲಿತದ್ದನ್ನು ಮರೆಯುತ್ತದೆ, ಕೈಕಾಲು ನಡುಗಲು ಶುರುವಾಗುತ್ತದೆ. ಇದು ಆಹಾರದ ಹಠದಿಂದ ಬಂದ ರೋಗ, ಪೂರ್ತಿ ತಡೆಯಬಹುದಾದದ್ದು. ಆದ್ದರಿಂದ ಬಾಣಂತಿ ಬಿ12 ಗುಳಿಗೆ ಬಿಡಲೇಬಾರದು. ಶೇಂಗಾ ಹಾಲು, ಬಾದಾಮಿ ಹಾಲು, ಅಕ್ಕಿ ಗಂಜಿ ಎಂದಿಗೂ ಎದೆಹಾಲಿನ ಜಾಗ ತುಂಬಲಾರವು. ಎದೆಹಾಲು ಸಾಲದೇ ಹೋದರೆ ಮಕ್ಕಳ ವೈದ್ಯರು ಹೇಳಿದ ಫಾರ್ಮುಲಾ ಕೊಡಿ. ಆರು ತಿಂಗಳ ನಂತರ ಮೇಲೂಟದ ಜೊತೆ ಕೂಸಿಗೇ ಬಿ12 ಹನಿ ಹಾಕಬೇಕು, ತಿಂಗಳು ತಿಂಗಳು ತೂಕ ನೋಡಬೇಕು. ತೂಕ ಏರದಿದ್ದರೆ ಕೂಸಿನ ಊಟ ಬದಲಿಸಲೇಬೇಕು. ದೊಡ್ಡವರು ತಮಗಾಗಿ ವ್ರತ ಹಿಡಿಯಬಹುದು, ಕೂಸಿನ ಮೈಮೇಲೆ ಹಿಡಿಯುವಂತಿಲ್ಲ.

ಪ್ರಶ್ನೆ: ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ವೀಗನ್ ತಾನೇ?

ಉತ್ತರ: ಅಲ್ಲ. ಹಸಿರು ಚುಕ್ಕೆ ಇದ್ದರೂ ಒಳಗೆ ಹಾಲಿನ ಪುಡಿ, ಹಾಲಿನಿಂದಲೇ ತೆಗೆದ ವೇ, ಕೇಸಿನ್, ಇಲ್ಲವೇ ಜೇನು ಇರಬಹುದು. ವೀಗನ್ ಆಹಾರಕ್ಕೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2022ರಲ್ಲಿ ನಿಯಮ ತಂದಿದೆ. ಅದರ ಗುರುತು ಎಲೆ ಮೂಡಿದ ಹಸಿರು "ವಿ" ಅಕ್ಷರ. ಗುಳಿಗೆಗಳನ್ನೂ ನೋಡಿ. ಕ್ಯಾಪ್ಸೂಲಿನ ಕವಚ ಬಹಳ ಸಲ ಪ್ರಾಣಿಯ ಎಲುಬು, ಚರ್ಮದಿಂದ ಮಾಡಿದ ಜೆಲಾಟಿನ್. ವಿಟಮಿನ್ ಡಿ3 ಬಹುತೇಕ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಗಿಡಮೂಲದ್ದೂ ಸಿಗುತ್ತದೆ, ಕೇಳಿ ತನ್ನಿ. ಆದರೆ ಬೇರೆ ಔಷಧ ಇಲ್ಲದ ಕಾಯಿಲೆಯಲ್ಲಿ ಕವಚದ ಕಾರಣಕ್ಕೆ ಔಷಧ ಬಿಡಬೇಡಿ. ಸಾಧ್ಯವಿದ್ದಷ್ಟು ಬಿಡುವುದೇ ವೀಗನ್ ನೀತಿ, ಜೀವ ಪಣಕ್ಕಿಡುವುದಲ್ಲ.

ಪ್ರಶ್ನೆ: ನಾನು ರೋಣ ಸೀಮೆಯ ರೈತ. ನಮ್ಮನೆಯಲ್ಲಿ ಎರಡು ಆಕಳು, ಒಂದು ಎಮ್ಮೆ. ಕಾರ ಹುಣ್ಣಿಮೆಗೆ ಎತ್ತಿಗೆ ಮೈ ತೊಳೆದು, ಬಣ್ಣ ಹಚ್ಚಿ ಪೂಜೆ ಮಾಡುವವರು ನಾವು. ಕಾಲೇಜಿಗೆ ಹೋಗುವ ಮಗ "ಹಾಲು ಕುಡಿಯೋದು ಹಿಂಸೆ" ಎನ್ನುತ್ತಾನೆ. ನಾವು ಪಾಪಿಗಳೇ?

ಉತ್ತರ: ಯಜಮಾನರೇ, ಪಾಪ-ಪುಣ್ಯ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಮಗ ಎತ್ತಿದ ಪ್ರಶ್ನೆ ಹುಸಿಯಲ್ಲ. ಆಕಳು ಕರು ಹಾಕಿದರಷ್ಟೇ ಹಾಲು. ಹುಟ್ಟುವ ಕರುಗಳಲ್ಲಿ ಅರ್ಧ ಹೋರಿಗರು. ಹಿಂದೆ ಹೋರಿಗರು ಬೆಳೆದು ನಿಮ್ಮ ಹೊಲ ಉಳುತ್ತಿತ್ತು, ಅದಕ್ಕೊಂದು ಬೆಲೆ ಇತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅದು ಯಾರಿಗೂ ಬೇಡವಾಗಿದೆ. 2020ರ ಕಾಯ್ದೆ ರಾಜ್ಯದಲ್ಲಿ ಗೋಹತ್ಯೆಯನ್ನು ನಿಷೇಧಿಸಿದೆ, ಆದರೆ ಬೇಡವಾದ ಕರುವಿಗೆ ಮೇವು ಹಾಕುವವರು ಯಾರು ಎಂಬ ಪ್ರಶ್ನೆ ರೈತನ ಹೆಗಲ ಮೇಲೇ ಉಳಿದಿದೆ. ಇದನ್ನು ಕಂಡು ನಿಮ್ಮ ಮಗನ ಮನಸ್ಸು ನೊಂದಿದ್ದರೆ ಅದು ನೀವು ಕಲಿಸಿದ ದಯೆಯೇ.

ಮಗನಿಗೂ ಒಂದು ಮಾತು: ಬರಗಾಲದ ವರ್ಷ ಬೆಳೆ ಒಣಗಿದಾಗ ನಿಮ್ಮ ಕಾಲೇಜಿನ ಶುಲ್ಕ ಡೇರಿಗೆ ಹಾಕಿದ ಹಾಲಿನಿಂದ ಬಂದಿರಬಹುದು. ಅಪ್ಪನನ್ನು ಹಿಂಸಕ ಎಂದು ಕರೆದರೆ ಒಂದು ಕರುವೂ ಬದುಕುವುದಿಲ್ಲ. ನಿಮ್ಮ ತಾಟಿನಲ್ಲಿ ಹಾಲು ಬೇಡವೆಂದರೆ ಬೇಡ, ಅದು ನಿಮ್ಮ ಹಕ್ಕು. ಅಜ್ಜಿಯ ಮಜ್ಜಿಗೆ ಬಟ್ಟಲನ್ನು ಕಸಿಯಬೇಡಿ.

ಇಬ್ಬರೂ ಕೂಡಿ ಇಂದಿನಿಂದಲೇ ಮಾಡಬಹುದಾದ ಕೆಲಸಗಳಿವೆ. ಹಿಂಡುವ ಮುಂಚೆ ಕರುವಿಗೆ ಹೊಟ್ಟೆ ತುಂಬ ಬಿಡಿ. ಹಾಲಿಳಿಸಲು ಆಕ್ಸಿಟೋಸಿನ್ ಸೂಜಿ ಚುಚ್ಚಬೇಡಿ, ಅದು ಕ್ರೌರ್ಯವೂ ಹೌದು, ಕಾನೂನಿಗೆ ವಿರುದ್ಧವೂ ಹೌದು. ಹಾಲು ಬತ್ತಿದ ಆಕಳನ್ನೂ ಹೋರಿಗರುವನ್ನೂ ಸಾಕುವ ಶಕ್ತಿ ಎಷ್ಟಿದೆಯೋ ಅಷ್ಟೇ ದನ ಕಟ್ಟಿ. ಹೊಲದ ಬದುವಿನಲ್ಲಿ ನುಗ್ಗೆ ಹಚ್ಚಿ, ಎಳ್ಳಿಗೂ ಅಗಸಿಗೂ ಒಂದೆರಡು ಸಾಲು ಬಿಡಿ. ಹಾಲು ಬಿಟ್ಟ ಮಗನಿಗೂ ಹಾಲು ಕುಡಿಯುವ ಅಪ್ಪನಿಗೂ ಆ ಬೆಳೆ ಬೇಕೇ ಬೇಕು. ಮತ್ತೆ ಮಗ ಈ ವಾರ ತಪ್ಪದೇ ಬಿ12 ಪರೀಕ್ಷೆ ಮಾಡಿಸಲಿ, ಜೊತೆಗೆ ನೀವೂ ಹೋಗಿ ಮಾಡಿಸಿಕೊಳ್ಳಿ.