ಮನೆಯಲ್ಲೇ ಫೋಟೋ ಸ್ಟುಡಿಯೋ: ಲೈಟು ಕೊಳ್ಳುವ ಮೊದಲು



ಟೈಲರಿಂಗ್, ಹೈನುಗಾರಿಕೆ, ಹಪ್ಪಳ, ಉಪ್ಪಿನಕಾಯಿ, ಫಿನಾಯಿಲ್ ತಯಾರಿಕೆ ಇವು ನಮ್ಮ ಸಂಘಗಳಲ್ಲಿ ಎಲ್ಲರಿಗೂ ಗೊತ್ತಿರುವ ಆದಾಯೋತ್ಪನ್ನ ಚಟುವಟಿಕೆಗಳು. ಈಚೆಗೆ ಸಾಲದ ಅರ್ಜಿಗಳಲ್ಲಿ ಹೊಸದೊಂದು ಉದ್ಯೋಗದ ಹೆಸರು ಕಾಣುತ್ತಿದೆ. ಮನೆಯ ಮುಂದಿನ ಕೋಣೆಯಲ್ಲಿ ಸಣ್ಣ ಫೋಟೋ ಸ್ಟುಡಿಯೋ. ಕೇಳಿ ನಮಗೆ ಸಂತೋಷವಾಯಿತು. ಹೆಂಗಸಿನ ಎದುರು ಕುಳಿತು ಫೋಟೋ ತೆಗೆಸಿಕೊಳ್ಳಲು ಹೆಂಗಸರಿಗೆ ಸಂಕೋಚ ಕಡಿಮೆ. ಬಸುರಿ ಮಗಳ ಸೀಮಂತದ ಫೋಟೋ, ಕೂಸಿನ ಮೊದಲ ಫೋಟೋ, ಮೊದಲ ಪರಮಪ್ರಸಾದ ಸ್ವೀಕರಿಸುವ ಮಕ್ಕಳ ಫೋಟೋ, ಇವಕ್ಕೆಲ್ಲ ಪೇಟೆಗೆ ಹೋಗಬೇಕಾಗಿಲ್ಲ.

“ಕ್ಯಾಮೆರಾ ಹಿಡಿಯೋದು ಗಂಡಸರ ಕೆಲಸ” ಅಂತ ಯಾರಾದರೂ ಹೇಳಿದರೆ ಹೋಮಾಯಿ ವ್ಯಾರಾವಾಲಾ ಅವರ ಹೆಸರು ಹೇಳಿ. 1913ರಲ್ಲಿ ಹುಟ್ಟಿದ ಇವರು ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಟು, ಭಾರವಾದ ಕ್ಯಾಮೆರಾ ಹೊತ್ತು ಕೆಲಸ ಮಾಡಿದವರು. 2011ರಲ್ಲಿ ಸರಕಾರ ಅವರಿಗೆ ಪದ್ಮವಿಭೂಷಣ ನೀಡಿತು.

ಧೈರ್ಯ ಬೇಕು, ನಿಜ. ಆದರೆ ಧೈರ್ಯದ ಜೊತೆ ಲೆಕ್ಕವೂ ಬೇಕು. ಅದಕ್ಕೇ ಈ ತಿಂಗಳು ಈ ಪಾಠ.

ಒಂದು ಅನುಭವ

ನಾವು ಒಂದು ಸಂಘಕ್ಕೆ ಭೇಟಿ ಕೊಟ್ಟಾಗ ಒಬ್ಬ ಸಹೋದರಿ ಮಂಚದ ಕೆಳಗಿನಿಂದ ಒಂದು ದೊಡ್ಡ ಪೆಟ್ಟಿಗೆ ಎಳೆದು ತೋರಿಸಿದರು. ಅದರೊಳಗೆ ಎರಡು ಫ್ಲಾಶ್ ಲೈಟು, ಎರಡು ಕೊಡೆ, ಎರಡು ಸ್ಟ್ಯಾಂಡು ಇದ್ದವು. ಸಂಘದಿಂದ ಸಾಲ ತೆಗೆದು ತಂದದ್ದು. “ಸಿಸ್ಟರ್, ಅಂಗಡಿಯವ್ರು ಇದೇ ಒಳ್ಳೇದು ಅಂದ್ರು, ನಾನು ತಂದ್ಬಿಟ್ಟೆ. ಮನೆಗೆ ಬಂದು ನೋಡಿದ್ರೆ ನನ್ನ ಮೊಬೈಲಿಗೆ ಅದು ಹೊಂದೋದೇ ಇಲ್ಲ.”

ಲೈಟು ಕೆಟ್ಟದ್ದಾಗಿರಲಿಲ್ಲ. ಆದರೆ ಅಂಥ ಫ್ಲಾಶ್ ಒಂದು ಕ್ಷಣ ಮಾತ್ರ ಮಿಂಚುತ್ತದೆ. ಅದೇ ಕ್ಷಣಕ್ಕೆ ಫೋಟೋ ಬೀಳಬೇಕಾದರೆ ಕ್ಯಾಮೆರಾದ ತಲೆಯ ಮೇಲೆ ಟ್ರಿಗರ್ ಎಂಬ ಸಣ್ಣ ಉಪಕರಣ ಕೂರಿಸಬೇಕು. ಮೊಬೈಲಿನಲ್ಲಿ ಅದನ್ನು ಕೂರಿಸುವ ಜಾಗವೇ ಇಲ್ಲ. ಆ ಸಹೋದರಿ ತಿಂಗಳು ತಿಂಗಳು ಕಂತು ಕಟ್ಟಿದರು. ಆದರೆ ಸ್ಟುಡಿಯೋ ಸಂಪಾದನೆಯಿಂದ ಅಲ್ಲ, ಕೂಲಿ ಹಣದಿಂದ. ಸಾಲ ಕೊಡುವ ದಿನ ಸಂಘದಲ್ಲಿ ಯಾರೂ “ಯಾವ ಲೈಟು, ಯಾತಕ್ಕೆ?” ಅಂತ ಕೇಳಿರಲಿಲ್ಲ. ಹಾಗೆ ಕೇಳಬೇಕೆಂದು ನಾವೂ ಕಲಿಸಿರಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

1. ಮೊದಲು ಖರ್ಚಿಲ್ಲದ ಬೆಳಕು

ವಿದ್ಯುತ್ ದೀಪ ಬರುವ ಮೊದಲು ಸ್ಟುಡಿಯೋಗಳಲ್ಲಿ ಉತ್ತರ ದಿಕ್ಕಿಗೆ ದೊಡ್ಡ ಗಾಜಿನ ಕಿಟಕಿ ಇಡುತ್ತಿದ್ದರು. ನೇರ ಬಿಸಿಲು ಬೀಳದ, ಹದವಾದ ಬೆಳಕು ಅಲ್ಲಿಂದ ಸಿಗುತ್ತಿತ್ತು. ನಮ್ಮ ಮನೆಯಲ್ಲೂ ಅಂಥ ಒಂದು ಕಿಟಕಿ ಅಥವಾ ಬಾಗಿಲು ಇದ್ದೇ ಇರುತ್ತದೆ.

ಕುರ್ಚಿಯನ್ನು ಕಿಟಕಿಯ ಪಕ್ಕ ಹಾಕಿ. ಬೆಳಕು ಮುಖದ ಒಂದು ಕಡೆಯಿಂದ ಬರಲಿ. ಬಿಸಿಲು ನೇರ ಬೀಳುತ್ತಿದ್ದರೆ ತೆಳುವಾದ ಬಿಳಿ ಬಟ್ಟೆ ಕಟ್ಟಿ. ಮುಖದ ಇನ್ನೊಂದು ಕಡೆ ಕಪ್ಪಾಗಿ ಕಾಣುತ್ತದಲ್ಲವೇ? ಆ ಕಡೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಕಿಟಕಿಯ ಬೆಳಕು ಅದಕ್ಕೆ ತಾಗಿ ವಾಪಸು ಮುಖಕ್ಕೆ ಬೀಳುತ್ತದೆ, ನೆರಳು ತಿಳಿಯಾಗುತ್ತದೆ. ಖರ್ಚು ಒಂದು ಹಾಳೆಯದ್ದು ಮಾತ್ರ.

ಒಂದು ತಿಂಗಳು ಹೀಗೆ ಮನೆಯವರ, ನೆರೆಯವರ ಫೋಟೋ ತೆಗೆದು ಕಲಿಯಿರಿ. ಬೆಳಕು ಎಲ್ಲಿಂದ ಬಂದರೆ ಮುಖ ಹೇಗೆ ಕಾಣುತ್ತದೆ ಎಂದು ಗೊತ್ತಾದ ಮೇಲೆ ಅಂಗಡಿಗೆ ಹೋದರೆ ನಮ್ಮನ್ನು ಯಾರೂ ಮರುಳು ಮಾಡಲಾರರು.

2. ಯಾವ ಬಗೆಯ ಲೈಟು?

ಮಳೆಗಾಲದಲ್ಲಿ, ಸಂಜೆ ಹೊತ್ತಿನಲ್ಲಿ ಕಿಟಕಿ ಸಾಲದು. ಆಗ ಲೈಟು ಬೇಕಾಗುತ್ತದೆ.

ಹ್ಯಾಲೊಜೆನ್: ಹಳೆಯ ಸ್ಟುಡಿಯೋಗಳಲ್ಲಿದ್ದದ್ದು. ಅಗ್ಗಕ್ಕೆ ಸಿಗಬಹುದು. ಆದರೆ ವಿಪರೀತ ಬಿಸಿ, ಬಟ್ಟೆ ತಾಗಿದರೆ ಬೆಂಕಿಯ ಭಯ. ಕರೆಂಟೂ ಜಾಸ್ತಿ. 500 ವಾಟಿನ ಎರಡು ದೀಪ ಒಂದು ಗಂಟೆ ಉರಿದರೆ ಒಂದು ಯುನಿಟ್ ಖರ್ಚು. ಸಣ್ಣ ಕೋಣೆಗೆ ಬೇಡ.

ಸಿಎಫ್‌ಎಲ್: ಸುತ್ತಿಕೊಂಡ ದೊಡ್ಡ ಬಲ್ಬು. ಒಳಗೆ ಪಾದರಸ ಇರುತ್ತದೆ, ಒಡೆದರೆ ಅಪಾಯ. ಈಗ ಅದರ ಜಾಗಕ್ಕೆ ಎಲ್‌ಇಡಿ ಬಂದಿದೆ.

ಫ್ಲಾಶ್: ಬೆಳಕು ಬಹಳ ಜೋರು, ಅಲುಗಾಡುವ ಮಗುವಿನ ಫೋಟೋ ಕೂಡ ಸ್ಪಷ್ಟ ಬರುತ್ತದೆ. ಆದರೆ ಸರಿಯಾದ ಕ್ಯಾಮೆರಾ, ಟ್ರಿಗರ್ ಎರಡೂ ಇದ್ದವರಿಗೆ ಮಾತ್ರ.

ರಿಂಗ್ ಲೈಟ್: ಬಳೆಯಂಥ ದೀಪ. ವಿಡಿಯೋ ಮಾಡಲು ಆಗುತ್ತದೆ. ಕನ್ನಡಕ ಹಾಕಿದವರ ಫೋಟೋ ತೆಗೆದರೆ ಗಾಜಿನಲ್ಲಿ ಬಳೆ ಕಾಣಿಸುತ್ತದೆ. ಬರೀ ಇದನ್ನೇ ನಂಬಿ ಸ್ಟುಡಿಯೋ ಮಾಡಬೇಡಿ.

ಎಲ್‌ಇಡಿ: ಸತತ ಉರಿಯುವ ದೀಪ. ಕಣ್ಣಿಗೆ ಹೇಗೆ ಕಾಣುತ್ತದೋ ಹೆಚ್ಚುಕಡಿಮೆ ಹಾಗೆಯೇ ಫೋಟೋ ಬರುವುದರಿಂದ ಕಲಿಯುವವರಿಗೆ ಸುಲಭ. ಮೊಬೈಲಿಗೂ ಕ್ಯಾಮೆರಾಗೂ ಹೊಂದುತ್ತದೆ. 40 ವಾಟಿನ ಎರಡು ದೀಪ ಹನ್ನೆರಡೂವರೆ ಗಂಟೆ ಉರಿದರೆ ಒಂದು ಯುನಿಟ್. ಕೆಲವು ಪ್ಯಾನೆಲ್‌ಗಳು ಬ್ಯಾಟರಿಯಿಂದಲೂ ಉರಿಯುತ್ತವೆ, ಕರೆಂಟ್ ಹೋದಾಗ ಕೆಲಸ ನಿಲ್ಲುವುದಿಲ್ಲ. ನಮ್ಮ ಸಹೋದರಿಯರಿಗೆ ಇದೇ ಸೂಕ್ತ.

3. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ನೋಡಿ. ಮೊದಲನೆಯದು ಸಿಆರ್‌ಐ. ಬಣ್ಣಗಳನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದಕ್ಕೆ ನೂರರಲ್ಲಿ ಕೊಡುವ ಅಂಕ. ಮನೆಯ ಸಾಮಾನ್ಯ ಎಲ್‌ಇಡಿ ಬಲ್ಬಿಗೆ ಸುಮಾರು 80 ಇರುತ್ತದೆ. ಫೋಟೋಕ್ಕೆ 95 ಅಥವಾ ಹೆಚ್ಚು ಇರಲಿ. ಎರಡನೆಯದು ಕೆಲ್ವಿನ್. ಹಳದಿ ಬಲ್ಬು 2700, ಮನೆಯ ಬಿಳಿ ಟ್ಯೂಬ್ ಲೈಟು 6500, ಹಗಲಿನ ಬೆಳಕಿನಂಥದ್ದು 5500ರ ಆಸುಪಾಸು. ನಮಗೆ ಬೇಕಾದದ್ದು ಈ ಕೊನೆಯದು.

ಬರೆದದ್ದನ್ನೇ ನಂಬಬೇಕಾಗಿಲ್ಲ. ಒಂದು ಕೆಂಪು ಬಟ್ಟೆ ತುಂಡು ತೆಗೆದುಕೊಂಡು ಹೋಗಿ. ಲೈಟಿನ ಕೆಳಗೆ ಬಟ್ಟೆಯನ್ನೂ ನಿಮ್ಮ ಅಂಗೈಯನ್ನೂ ಹಿಡಿದು ನೋಡಿ, ಆಮೇಲೆ ಅಂಗಡಿಯ ಹೊರಗೆ ನೋಡಿ. ಒಳಗೆ ಕೆಂಪು ಮಂಕಾಗಿ, ಕೈ ಸಪ್ಪೆಯಾಗಿ ಕಂಡರೆ ಆ ಲೈಟು ಬೇಡ. ಇನ್ನೊಂದು ಪರೀಕ್ಷೆ: ಮೊಬೈಲ್ ಕ್ಯಾಮೆರಾವನ್ನು ಲೈಟಿನ ಕಡೆ ಹಿಡಿಯಿರಿ. ಬೆಳಕನ್ನು ಕಡಿಮೆ ಮಾಡಿಯೂ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಾಡಿದರೆ ಆ ಲೈಟು ಮಿನುಗುತ್ತಿದೆ. ನಮ್ಮ ಕಣ್ಣಿಗೆ ಕಾಣದ ಆ ಮಿನುಗು ಫೋಟೋದಲ್ಲಿ ಗೆರೆಯಾಗಿ ಬೀಳಬಹುದು.

ಅಡಾಪ್ಟರ್ ಮೇಲೆ ಬಿಐಎಸ್ ಗುರುತು ಇದೆಯೇ ನೋಡಿ. ಬಿಲ್ಲು, ಗ್ಯಾರಂಟಿ ಕಾರ್ಡು ಕೇಳಿ ಪಡೆಯಿರಿ. ಮೂರು ಕಡೆ ಕೊಟೇಶನ್ ತಂದು ಸಂಘದ ಮುಂದೆ ಇಡಿ.

4. ದೀಪಕ್ಕಿಂತ ಪರದೆ ಮುಖ್ಯ

ಬರೀ ಬಲ್ಬನ್ನು ಮುಖಕ್ಕೆ ಹಿಡಿದರೆ ಮೂಗಿನ ನೆರಳು ಕಡ್ಡಿಯಂತೆ ಬೀಳುತ್ತದೆ. ಬೆಳಕು ಬರುವ ಜಾಗ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ನೆರಳು ಮೃದು. ಅದಕ್ಕಾಗಿಯೇ ಬಿಳಿ ಕೊಡೆ, ಸಾಫ್ಟ್‌ಬಾಕ್ಸ್ ಇರುವುದು. ದುಬಾರಿ ದೀಪಕ್ಕೆ ಸಣ್ಣ ಪರದೆ ಹಾಕುವುದಕ್ಕಿಂತ ಸಾಧಾರಣ ದೀಪಕ್ಕೆ ದೊಡ್ಡ ಪರದೆ ಹಾಕುವುದು ಮೇಲು. ಎಲ್‌ಇಡಿ ಆದರೆ ಮರದ ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು ದೀಪದ ಮುಂದೆ ಸ್ವಲ್ಪ ದೂರದಲ್ಲಿ ನಿಲ್ಲಿಸಿದರೂ ಆಗುತ್ತದೆ.

ಲೈಟನ್ನು ದೂರ ಇಡಬೇಡಿ. ದೂರ ಎರಡು ಪಟ್ಟು ಆದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಅಡಿಯಲ್ಲಿ ಸಾಕಾಗುವ ದೀಪ ಎಂಟು ಅಡಿಯಲ್ಲಿ ಸಾಲುವುದಿಲ್ಲ. ದೊಡ್ಡ ದೀಪ ಕೊಳ್ಳುವ ಬದಲು ಸಣ್ಣ ದೀಪವನ್ನು ಹತ್ತಿರ ತನ್ನಿ.

5. ಕೋಣೆಯಲ್ಲಿ ಜೋಡಿಸುವ ಕ್ರಮ

ಲೈಟು ಮುಖದ ಎದುರಿಗಿಂತ ಸ್ವಲ್ಪ ಓರೆಯಾಗಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಇರಲಿ. ಇನ್ನೊಂದು ಕಡೆ ಥರ್ಮಾಕೋಲ್. ಕನ್ನಡಕದಲ್ಲಿ ಲೈಟು ಹೊಳೆದರೆ ಸ್ಟ್ಯಾಂಡನ್ನು ಇನ್ನೂ ಮೇಲೇರಿಸಿ. ಕುರ್ಚಿ ಗೋಡೆಯಿಂದ ಮೂರು ನಾಲ್ಕು ಅಡಿ ಮುಂದಿರಲಿ, ಆಗ ತಲೆಯ ನೆರಳು ಹಿಂದಿನ ಬಿಳಿ ಬಟ್ಟೆಯ ಮೇಲೆ ಬೀಳುವುದಿಲ್ಲ.

ನಮ್ಮ ಮನೆಗಳ ಗೋಡೆಗೆ ಹಸಿರು, ಗುಲಾಬಿ ಬಣ್ಣ ಹೊಡೆದಿರುತ್ತೇವೆ. ಆ ಬಣ್ಣ ಮುಖದ ಮೇಲೂ ಬರುತ್ತದೆ. ಪಕ್ಕದ ಗೋಡೆಗೆ ಬಿಳಿ ಬಟ್ಟೆ ಇಳಿಬಿಡಿ. ಸ್ಟುಡಿಯೋ ಲೈಟು ಹಾಕಿದಾಗ ಮನೆಯ ಬಲ್ಬು, ಟ್ಯೂಬು ಆರಿಸಿ. ಎರಡು ಬಣ್ಣದ ಬೆಳಕು ಸೇರಿದರೆ ಮುಖ ಅರ್ಧ ಹಳದಿ, ಅರ್ಧ ನೀಲಿಯಾಗುತ್ತದೆ.

ಮಕ್ಕಳು ಓಡಾಡುವ ಮನೆ. ಸ್ಟ್ಯಾಂಡಿನ ಕಾಲಿಗೆ ಮರಳು ತುಂಬಿದ ಚೀಲ ಕಟ್ಟಿ. ವಯರು ದಾರಿಯ ಅಡ್ಡ ಹೋಗದಿರಲಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಇರುವ ಸಾಕೆಟ್ಟೇ ಬೇಕು.

ಇನ್ನೊಂದು ಮಾತು. ಹಿಂದೆ ಬಿಳಿ ಬಟ್ಟೆ ಇದ್ದಾಗ ಮೊಬೈಲು ಮುಖವನ್ನು ಕಪ್ಪು ಮಾಡಿ ತೋರಿಸುತ್ತದೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟರೆ ಸರಿಹೋಗುತ್ತದೆ. ಆದರೆ ಕಪ್ಪು ಬಣ್ಣದವರನ್ನು ಬೆಳ್ಳಗೆ ಮಾಡಲು ಹೋಗಬೇಡಿ. ಒಳ್ಳೆಯ ಬೆಳಕು ಮುಖವನ್ನು ಬದಲಾಯಿಸುವುದಿಲ್ಲ, ಇದ್ದದ್ದನ್ನು ಚೆನ್ನಾಗಿ ತೋರಿಸುತ್ತದೆ. ದೇವರು ಕೊಟ್ಟ ಬಣ್ಣದಲ್ಲಿ ಕೊರತೆ ಏನೂ ಇಲ್ಲ.

6. ಸಾಲದ ಲೆಕ್ಕ

ಒಂದು ಉದಾಹರಣೆ ನೋಡೋಣ. ಒಂದು ಸೆಟ್ ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ನೀವು 60 ರೂಪಾಯಿ ತೆಗೆದುಕೊಳ್ಳುತ್ತೀರಿ ಎಂದಿಟ್ಟುಕೊಳ್ಳಿ. ಕಾಗದ, ಶಾಯಿ, ಕರೆಂಟಿಗೆ 20 ಹೋದರೆ ಕೈಯಲ್ಲಿ ಉಳಿಯುವುದು 40.

ಸಂಘದಿಂದ 10,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಹತ್ತು ಕಂತು. ಮೊದಲ ತಿಂಗಳು ಅಸಲು 1,000, ಬಡ್ಡಿ 100, ಒಟ್ಟು 1,100. ಇದನ್ನು ಕಟ್ಟಲು 28 ಸೆಟ್ ಫೋಟೋ ತೆಗೆಯಬೇಕು. ಅದೇ 30,000 ಸಾಲ ಮಾಡಿದರೆ ಮೊದಲ ಕಂತು 3,300. ಅದಕ್ಕೆ 83 ಸೆಟ್ ಬೇಕು. ಎರಡರಲ್ಲೂ ನಿಮ್ಮ ದುಡಿಮೆಗೆ ಕೂಲಿ ಇನ್ನೂ ಹುಟ್ಟಿಲ್ಲ. ನಿಮ್ಮ ಊರಲ್ಲಿ ತಿಂಗಳಿಗೆ 83 ಜನ ಫೋಟೋಕ್ಕೆ ಬರುತ್ತಾರಾ? ಆಧಾರ್ ಕೇಂದ್ರದಲ್ಲಿ ಫೋಟೋ ಅಲ್ಲೇ ತೆಗೆಯುತ್ತಾರೆ. ಉಳಿದದ್ದು ಶಾಲೆ, ಬ್ಯಾಂಕು, ಪರೀಕ್ಷೆಯ ಅರ್ಜಿ, ಮನೆಯ ಸಮಾರಂಭ. ಮೊದಲು ಎಣಿಸಿ ನೋಡಿ.

ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತೋಣ. ಮೊದಲು ಕಿಟಕಿ ಮತ್ತು ಥರ್ಮಾಕೋಲ್. ಗಿರಾಕಿ ಬರತೊಡಗಿದ ಮೇಲೆ ಒಂದು ಎಲ್‌ಇಡಿ, ಒಂದು ಸ್ಟ್ಯಾಂಡು, ಒಂದು ದೊಡ್ಡ ಪರದೆ. ಅದರ ಸಾಲ ತೀರಿದ ಮೇಲೆ, ಅದರ ಸಂಪಾದನೆಯಿಂದಲೇ ಎರಡನೆಯ ಲೈಟು. ಸಂಘದ ಸದಸ್ಯರ ಉಪ್ಪಿನಕಾಯಿ ಬಾಟಲಿ, ಹೊಲಿದ ಬಟ್ಟೆಗಳ ಫೋಟೋವನ್ನೂ ಇದೇ ಬೆಳಕಿನಲ್ಲಿ ತೆಗೆದರೆ ಅವರ ಮಾರಾಟಕ್ಕೂ ಸಹಾಯ, ನಿಮಗೂ ಕೆಲಸ.

ಕೆಲಸ ಶುರು ಮಾಡುವ ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಗೋಪುರ ಕಟ್ಟುವವನ ಸಾಮತಿಯಲ್ಲಿ ತಿಳಿಸಿದ್ದಾರೆ. ನಮ್ಮ ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು. ಎರಡೂ ಒಂದೇ ಮಾತು.

ಮೇಲೆ ಹೇಳಿದ ಸಹೋದರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವರು ಆ ಫ್ಲಾಶ್‌ಗಳನ್ನು ಕ್ಯಾಮೆರಾ ಇದ್ದ ಒಬ್ಬರಿಗೆ ನಷ್ಟದಲ್ಲೇ ಮಾರಿದರು. ಸ್ಟ್ಯಾಂಡು, ಕೊಡೆಗಳನ್ನು ಇಟ್ಟುಕೊಂಡು ಒಂದು ಎಲ್‌ಇಡಿ ತಂದರು. ಈಗ ಅವರ ಮುಂದಿನ ಕೋಣೆಯಲ್ಲಿ ಕೆಲಸ ನಡೆಯುತ್ತಿದೆ. ಸಂಘದಲ್ಲಿ ಯಾರಾದರೂ ಸಾಲ ಕೇಳಿದರೆ ಮೊದಲ ಪ್ರಶ್ನೆ ಕೇಳುವವರೂ ಅವರೇ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಲ್ಲಿ ಕಳೆದ ತಿಂಗಳು ಎಷ್ಟು ಜನ ಫೋಟೋಕ್ಕಾಗಿ ಪೇಟೆಗೆ ಹೋದರು?
2. ಉಪಕರಣಕ್ಕೆ ಸಾಲ ಕೊಡುವ ಮೊದಲು ಸಂಘ ಯಾವ ಮೂರು ಪ್ರಶ್ನೆ ಕೇಳಬೇಕು?
3. ಸಾಲ ತೆಗೆದು ಕೊಂಡ ಯಾವ ವಸ್ತು ನಮ್ಮ ಮನೆಯಲ್ಲಿ ಉಪಯೋಗವಿಲ್ಲದೆ ಕುಳಿತಿದೆ? ಅದರಿಂದ ನಾವು ಕಲಿತದ್ದೇನು?

ಮಾಡಿ ನೋಡಿ: ಮುಂದಿನ ಸಭೆಯಲ್ಲಿ ಒಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ, ಥರ್ಮಾಕೋಲ್ ಇಟ್ಟು ಒಂದು, ಇಡದೆ ಒಂದು ಫೋಟೋ ತೆಗೆಯಿರಿ. ಎರಡನ್ನೂ ಎಲ್ಲರಿಗೂ ತೋರಿಸಿ.