ಕೇಡು: ಒಂದು ಶಬ್ದವಿಚಾರ

ಕೆಡುಕನ್ನು ಹೇಳುವ ಶಬ್ದಗಳು ಕನ್ನಡದಲ್ಲಿ ಅನೇಕವಾಗಿವೆ. ಕೇಡು, ಹಾಳು, ಅಳಿವು ಎಂಬ ಅಚ್ಚಗನ್ನಡ ಶಬ್ದಗಳೂ ಹಾನಿ, ನಾಶ, ಕ್ಷಯ, ಧ್ವಂಸ ಎಂಬ ಸಂಸ್ಕೃತ ಶಬ್ದಗಳೂ ನಿತ್ಯದ ಮಾತಿನಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದು ಬಳಕೆಯಾಗುತ್ತಿರುವುವು. ನಿಘಂಟಿನಲ್ಲಿ ಇವೆಲ್ಲ ಪರ್ಯಾಯ ಪದಗಳೇ ಸರಿ. ಆದರೆ ಅರ್ಥದಲ್ಲಿ ಸೂಕ್ಷ್ಮವಾದ ಭೇದವುಂಟು. ಆ ಭೇದವನ್ನರಿಯದವನು ಹಾನಿಗೆ ಅಂಜಿ ಕೇಡನ್ನು ಮನೆಗೆ ಬರಮಾಡಿಕೊಳ್ಳುವನು. ಆದಕಾರಣ ಸದ್ಭಕ್ತರು ಈ ಶಬ್ದವನ್ನು ವಿಚಾರಿಸಿ ತಿಳಿಯುವುದು ಅವಶ್ಯವಾಗಿದೆ.

ಕೆಡು ಎಂಬ ಧಾತುವಿನಿಂದ ಕೇಡು ಎಂಬ ಭಾವನಾಮವು ಹುಟ್ಟಿದೆ. ಪಡು ಎಂಬುದು ಪಾಡು ಎಂದೂ, ಬಿಡು ಎಂಬುದು ಬೀಡು ಎಂದೂ ಆಗುವಂತೆ ಇಲ್ಲಿಯೂ ಮೊದಲ ಸ್ವರವು ದೀರ್ಘವಾಗಿದೆ. ಕೆಡು ಎಂಬುದು ಅಕರ್ಮಕ ಧಾತು. ಹೊರಗಿನವರು ಕೆಡಿಸಬಹುದು, ಆದರೆ ಕೆಡುವ ಕ್ರಿಯೆಯು ನಡೆಯುವುದು ವಸ್ತುವಿನ ಒಳಗೆ. ಇದು ಮೊದಲು ಗಮನಿಸತಕ್ಕ ಅಂಶ.

ಇನ್ನು ಉಳಿದ ಶಬ್ದಗಳ ಅರ್ಥವನ್ನು ನೋಡೋಣ. ಹಾನಿಯು ‘ಬಿಡು’ ಎಂಬರ್ಥದ ಹಾ ಧಾತುವಿನಿಂದ ಬಂದುದು. ಕೈಯಲ್ಲಿದ್ದುದು ಕೈಬಿಟ್ಟು ಹೋಗುವುದೇ ಹಾನಿ. ನಾಶವೆಂದರೆ ಕಾಣದಂತಾಗುವುದು; ವೈಯಾಕರಣರು ನಶ್ ಧಾತುವಿಗೆ ಅದರ್ಶನವೆಂದೇ ಅರ್ಥವನ್ನು ಹೇಳಿರುವರು. ಕ್ಷಯವು ಮೆಲ್ಲಮೆಲ್ಲನೆ ಕುಂದುವುದು. ಧ್ವಂಸವು ಕುಸಿದು ಬೀಳುವುದು. ಹಾಳೆಂಬುದು ಜನರು ತೊರೆದುದರ ಗುರುತು. ಹಾಳೂರು, ಹಾಳುಬಾವಿ ಎಂಬ ಮಾತುಗಳಲ್ಲಿ ಇದು ಸ್ಪಷ್ಟವಾಗಿದೆ. ಅಳಿವು ಹುಟ್ಟಿದುದಕ್ಕೆಲ್ಲ ಸಹಜವಾದುದು.

ಕೇಡು ಇವೆಲ್ಲಕ್ಕಿಂತ ಬೇರೆ. ಹಾಲು ಚೆಲ್ಲಿದರೆ ಹಾನಿ. ಹಾಲು ಒಡೆದರೆ ಕೇಡು. ಚೆಲ್ಲಿದ ಹಾಲು ಪಾತ್ರೆಯಲ್ಲಿ ಇಲ್ಲ. ಕೆಟ್ಟ ಹಾಲು ಪಾತ್ರೆಯಲ್ಲಿಯೇ ಇದೆ, ಅದರ ಗುಣ ಮಾತ್ರ ಇಲ್ಲ. ವಸ್ತುವು ಉಳಿದು ಗುಣವು ಹೋಗುವುದೇ ಕೇಡು.

ದಾಂಡೇಲಿಯ ಸಮೀಪದಲ್ಲಿ ಕಾಳಿ ನದಿಯ ದಡದ ಮೌಳಂಗಿಯಂತಹ ಕಾಡುಸೀಮೆಯ ಊರುಗಳಲ್ಲಿ ಇದಕ್ಕೆ ಕಣ್ಣೆದುರಿನ ದೃಷ್ಟಾಂತವಿರುವುದು. ಮನೆಗೆಂದು ತಂದ ಮರವನ್ನು ಹೊಳೆ ಒಯ್ದರೆ ಹಾನಿ. ಬೆಂಕಿ ಸುಟ್ಟರೆ ನಾಶ. ಗೆದ್ದಲು ಹಿಡಿದ ಕಂಬವಾದರೋ ಹೊರಗೆ ಕಂಬವಾಗಿಯೇ ನಿಂತಿರುವುದು, ಮನೆಯವರು ಅದನ್ನು ನಂಬಿ ಅದರ ಮೇಲೆ ತೊಲೆಯನ್ನು ಹೊರಿಸಿರುವರು. ಹೊಳೆ ಒಯ್ದ ಮರ ಯಾರ ತಲೆಯ ಮೇಲೂ ಬೀಳದು. ಕೆಟ್ಟ ಕಂಬ ಬೀಳುವುದು ನಂಬಿದವರ ಮೇಲೆಯೇ. ಅದೇ ಸೀಮೆಯ ತೇಗದ ಹೊರಪದರವನ್ನು ಗೆದ್ದಲು ತಿಂದೀತು. ಬಲಿತ ತಿರುಳನ್ನು ಸುಲಭವಾಗಿ ಮುಟ್ಟದು.

ನಿತ್ಯದ ಮಾತಿನಲ್ಲಿ ಹೊಟ್ಟೆ ಕೆಟ್ಟಿತು, ಗಡಿಯಾರ ಕೆಟ್ಟಿತು, ಹೆಸರು ಕೆಟ್ಟಿತು ಎನ್ನುವರು. ಹೊಟ್ಟೆಯೂ ಗಡಿಯಾರವೂ ಇದ್ದಲ್ಲಿಯೇ ಇವೆ. ಮಾಡುವ ಕೆಲಸವನ್ನು ಬಿಟ್ಟಿವೆ. ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ನೀತಿಗೆಟ್ಟ, ಲಜ್ಜೆಗೆಟ್ಟ, ಬುದ್ಧಿಗೇಡಿ ಎಂಬ ರೂಪಗಳಾಗುವುವು. ಇಲ್ಲಿಯೂ ಮನುಷ್ಯನು ಉಳಿದು ಗುಣವು ಹೋಗಿದೆ. ಹೊಟ್ಟೆಗೆ ಅನ್ನವಿಲ್ಲದವನ ಆಡಂಬರವನ್ನು ಕಂಡು ‘ಶೋಕಿಯೊಂದು ಕೇಡು’ ಎಂದು ಹಿರಿಯರು ಗದರಿಸುವುದುಂಟು. ಆದರೆ ‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆಯಲ್ಲಿ ಬಡತನ ಬಂದವನನ್ನೂ ಲೋಕವು ಕೆಟ್ಟವನೆಂದೇ ಎಣಿಸುವುದು. ಇದನ್ನು ಶರಣರು ಒಪ್ಪಲಿಲ್ಲ.

ಆಯ್ದಕ್ಕಿ ಮಾರಯ್ಯ ಶರಣರ ಪ್ರಸಂಗವು ಇದಕ್ಕೆ ಸಾಕ್ಷಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಧರ್ಮಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಲೆಕ್ಕಕ್ಕೆ ಅದು ಲಾಭವೇ. ಆದರೆ ಅಕ್ಕಿ ಹೆಚ್ಚಿ ಕಾಯಕದ ಗುಣವು ತಗ್ಗುವುದನ್ನು ಆ ತಾಯಿ ಕಂಡರು. ಲಾಭದಲ್ಲಿಯೂ ಕೇಡು ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾನಿಯಲ್ಲಿ ಕೇಡಿಲ್ಲದಿರುವುದಕ್ಕೂ ನಿದರ್ಶನವುಂಟು. ಹನ್ನೆರಡನೆಯ ಶತಮಾನದಲ್ಲಿ, 1167ರ ಸುಮಾರಿಗೆ, ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚದುರಿದರು. ಮನೆ, ನೆಲೆ, ರಾಜಾಶ್ರಯ ಎಲ್ಲವೂ ಹೋದವು. ಚನ್ನಬಸವಣ್ಣನವರೊಡನೆ ಒಂದು ತಂಡವು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಗೆ ಬಂದಿತೆಂಬುದು ಪರಂಪರೆಯ ನಂಬುಗೆ. ಆ ಉಳವಿಯು ಮೌಳಂಗಿಯ ನೆರೆಯ ಜೋಯಿಡಾ ತಾಲೂಕಿನಲ್ಲಿಯೇ ಇರುವುದು. ಚನ್ನಬಸವಣ್ಣನವರು ಲಿಂಗೈಕ್ಯರಾದ ಆ ಕ್ಷೇತ್ರದ ಜಾತ್ರೆಗೆ ಇಂದಿಗೂ ಧಾರವಾಡ, ಬೆಳಗಾವಿಗಳ ಕಡೆಯಿಂದ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುವರು. ಮುಂದೆ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಳೆಗರಿಗಳನ್ನು ಶೋಧಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಕಲ್ಯಾಣಕ್ಕೆ ಧ್ವಂಸವಾಯಿತು, ಶರಣತತ್ತ್ವಕ್ಕೆ ಕೇಡಾಗಲಿಲ್ಲ. ಶರಣರ ದೇಹವಿಯೋಗವನ್ನು ಸತ್ತರೆನ್ನದೆ ಲಿಂಗೈಕ್ಯವೆನ್ನುವುದೂ ಈ ಭೇದವನ್ನು ಬಲ್ಲವರ ಭಾಷೆಯೇ.

ಸಂಸಾರಿಯಾದ ಭಕ್ತನಿಗೆ ಈ ವಿಚಾರವು ಪ್ರತಿದಿನವೂ ಬೇಕು. ಮಳೆ ಹೋಗಿ ಬೆಳೆ ಒಣಗಿದರೆ ಅದು ಹಾನಿ. ಮುಂದಿನ ಮಳೆ ಅದನ್ನು ತುಂಬೀತು. ಆ ಹಾನಿಯನ್ನು ತುಂಬಲೆಂದು ತೂಕದಲ್ಲಿ ಕಡಿಮೆ ಕೊಟ್ಟರೆ, ಮಗನ ಮದುವೆಯಲ್ಲಿ ಬೀಗರ ಕೊರಳಿಗೆ ಕೈಹಾಕಿದರೆ ಅದು ಕೇಡು. ಅದನ್ನು ಯಾವ ಮಳೆಯೂ ತುಂಬದು. ದಾಸೋಹವು ನಡೆಯುತ್ತಿದ್ದು ಅದು ಹೆಸರಿಗಾಗಿ ನಡೆದರೆ, ಇಷ್ಟಲಿಂಗವು ಕರಸ್ಥಲದಲ್ಲಿದ್ದು ಮನಸ್ಸು ಸಂತೆಯಲ್ಲಿದ್ದರೆ, ಹೊರಗಿನ ಕಂಬವು ನೆಟ್ಟಗಿದ್ದು ಒಳಗೆ ಗೆದ್ದಲು ಹಿಡಿದಂತೆ. ನೋಡುವವರಿಗೆ ಇದು ತಿಳಿಯದು. ಪೂಜಿಸುವವನಿಗೆ ಮಾತ್ರ ತಿಳಿದಿರುವುದು.

ಹೋದುದಕ್ಕಾಗಿ ಅಳುವ ಮೊದಲು, ಉಳಿದುದು ಕೆಟ್ಟಿಲ್ಲವಷ್ಟೇ ಎಂದು ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯಲ್ಲಿ ವಿಚಾರಿಸಬೇಕು. ಬೆಳಗಿನ ಪೂಜೆಗೆ ಕುಳಿತಾಗ ಒಂದು ಗಳಿಗೆ ಈ ವಿಚಾರವನ್ನು ಮಾಡುವವನ ಮನೆಗೆ ಹಾನಿ ಬಂದರೂ ಬರಬಹುದು, ಕೇಡು ಬರಲಾರದು.